ಗಾದಿಯ ಕೆಳಗೆ ಎರಡು ಪಾದ

ಮನೆಯ ಬಾಗಿಲು ಅರ್ಧ ತೆರೆದಿತ್ತು.

ಬೀದರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಶೀಬಾ ಅಂದು ಬೇಗ ಡ್ಯೂಟಿ ಮುಗಿಸಿ ಮಧ್ಯಾಹ್ನ ಎರಡಕ್ಕೇ ಬಂದಿದ್ದಳು. ಮನೆ ವಿಪರೀತ ನಿಶ್ಶಬ್ದವಾಗಿತ್ತು. ಆರು ವರ್ಷದ ಸಲೋಮಿ ಇರುವ ಮನೆ ಹೀಗೆ ಸುಮ್ಮನಿರುವುದುಂಟೆ? ತಲೆ ಬಾಚಿದರೆ ಚೀರುವ, ಕುಕ್ಕರ್ ಕೂಗಿದರೆ ಗೋಡೆಗೆ ಹಣೆ ಬಡಿದುಕೊಳ್ಳುವ ಮಗಳು ಅವಳು.

ಒಳಕೋಣೆಯ ಹೊಸ್ತಿಲಲ್ಲಿ ಶೀಬಾ ಗಕ್ಕನೆ ನಿಂತಳು.

ನೆಲದ ಮೇಲೆ ಹತ್ತಿಯ ಗಾದಿ. ಅದರ ಮೇಲೆ ಎರಡೂ ಕೈ ಊರಿ, ಬಗ್ಗಿ ಒತ್ತುತ್ತಿರುವ ಗಂಡ ಅಮೋಸ. ಗಾದಿಯ ಕೆಳಗಿನಿಂದ ಹೊರಚಾಚಿದ ಎರಡು ಪುಟ್ಟ ಪಾದ... ಅವು ಅಲುಗುತ್ತಿರಲಿಲ್ಲ.

ಅವಳು ಓಡಿಹೋಗಿ ಗಂಡನನ್ನು ದೂಡಿದಳು. ಗಾದಿ ಎಳೆದು ಬಿಸಾಡಿದಳು. ಬೆಳಕು ಕಣ್ಣಿಗೆ ಬಡಿದದ್ದೇ ಸಲೋಮಿ ಕಿಟಾರನೆ ಚೀರಿ ಕೈ ಕಚ್ಚಿಕೊಂಡಳು.

"ಶೀಬಾ, ಕೇಳಿಲ್ಲಿ... ಆಕಿನೇ..."

"ಮುಟ್ಟಬ್ಯಾಡ್ರಿ ಆಕಿನ್ನ."

"ನಾ ಏನ್ ಮಾಡ್ಲತ್ತಿದ್ದೆ ಅಂದ್ರ..."

"ಏನ್ ಮಾಡ್ಲತ್ತಿದ್ರಿ ಅಂತ ನನ್ನ ಕಣ್ಣಿಲೇ ನೋಡೀನಿ. ಮುಂದ ಹೆಜ್ಜಿ ಇಡಬ್ಯಾಡ್ರಿ."

ಅಮೋಸ ನಿಂತಲ್ಲೇ ನಿಂತ. ಸಾರಿಗೆ ಬಸ್ಸಿನ ಡ್ರೈವರ್ ಅವನು, ಮೊದಲೇ ಮಾತು ಕಡಿಮೆ. ಹೆಂಡತಿಯ ಮುಖ ನೋಡಿದ. ಆಮೇಲೆ ತನ್ನ ಎರಡು ಕೈ ನೋಡಿಕೊಂಡ. ಮತ್ತೆ ಬಾಯಿ ತೆರೆಯಲಿಲ್ಲ.

ಆ ಮೌನವೇ ಶೀಬಾಳಿಗೆ ಉತ್ತರವೆನಿಸಿತು. ಹಿಂದಿನ ವಾರ ಮಗಳ ತೋಳಿನ ಮೇಲೆ ನೀಲಿ ಕಲೆ ಕಂಡು ಕೇಳಿದಾಗ, "ಆಕಿನೇ ಕಚ್ಕೊಂಡಾಳ" ಎಂದಿದ್ದ. ಅಂಥ ಕಲೆಗಳನ್ನು ಅವಳು ವಾರ್ಡಿನಲ್ಲಿ ಕಂಡಿದ್ದಳು. ಸುಳ್ಳು ಹೇಳುವ ಅಪ್ಪಂದಿರನ್ನೂ ಕಂಡಿದ್ದಳು.

ಅರ್ಧ ತಾಸಿನೊಳಗೆ ಮಗಳನ್ನು ಎತ್ತಿಕೊಂಡು ಭಾಲ್ಕಿಯ ಬಸ್ಸು ಹತ್ತಿದಳು.

ಭಾಲ್ಕಿಯ ತವರುಮನೆಯಲ್ಲಿ ತಾಯಿ ಶಾಲುಬಾಯಿ ಒಬ್ಬಳೇ ಇದ್ದಳು. ಎಲ್ಲ ಕೇಳಿದ ಮೇಲೂ ಆಕೆ ತಲೆ ಅಲ್ಲಾಡಿಸಿದಳು.

"ಅಮೋಸ ಅಂಥವ ಅಲ್ಲವ್ವ."

"ಅಂಥವರು ಹಣಿ ಮ್ಯಾಲ ಬರಕೊಂಡು ತಿರಗ್ತಾರೇನವ್ವ?"

ನಾಲ್ಕು ದಿನ ಅಮೋಸನ ಫೋನ್ ಬಂತು. ಶೀಬಾ ಎತ್ತಲಿಲ್ಲ. ಐದನೇ ದಿನದಿಂದ ಅದೂ ನಿಂತಿತು. 'ತಪ್ಪಿಲ್ಲದವನಾಗಿದ್ದರೆ ಬಂದು ಜಗಳವನ್ನಾದರೂ ಆಡುತ್ತಿರಲಿಲ್ಲವೆ?' ಎಂದುಕೊಂಡಳು. ಏಳು ವರ್ಷ ಅದೇ ಮನುಷ್ಯನ ಪಕ್ಕದಲ್ಲಿ ಮಲಗಿದ್ದಳಲ್ಲ...

ಹೆದರಿಕೆ ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪನಿಂದ ದೂರವಾದ ಮಗಳು ಸುಧಾರಿಸಬೇಕಿತ್ತು, ದಿನೇ ದಿನೇ ಬಿಗಡಾಯಿಸಿದಳು. ಅನ್ನ ಮುಟ್ಟಲೊಲ್ಲಳು, ಅಂಗಿ ತೊಡಲೊಲ್ಲಳು. ಎರಡೂ ತೋಳಿನಲ್ಲಿ ಹೊಸ ಹಲ್ಲಿನ ಗುರುತು.

"ಪಪ್ಪ ಯಾವಾಗ ಬರ್ತಾನ?" ಇದೊಂದೇ ಮಾತು.

ಪರಿಚಯದ ಹೆಡ್‌ ಮೇಡಂ ಒಬ್ಬರು ದಯೆಯಿಂದ ಹತ್ತಿರದ ಶಾಲೆಯಲ್ಲಿ ಅವಳನ್ನು ಒಂದನೇ ಇಯತ್ತೆಗೆ ಕೂಡಿಸಿಕೊಂಡರು. ಮೂರನೇ ದಿನ ಬೆಳಿಗ್ಗೆಯೇ ಅವರ ಫೋನ್ ಬಂತು.

"ಶೀಬಾ, ಲಗೂ ಬರ್ರಿ. ಪ್ರಾರ್ಥನಾ ಟೈಮಿಗೆ ಮೈಕ್ ಕಿರ್ರ್ ಅಂತು. ಸಲೋಮಿ ಕೈ ಬಿಡಿಸ್ಕೊಂಡು ಓಡಿದಳು. ಎಲ್ಲೂ ಕಾಣಸ್ತಿಲ್ಲ."

ಶೀಬಾ ಚಪ್ಪಲಿಯಿಲ್ಲದೆ ಓಡಿದಳು. ಶಾಲೆಯ ಮುಂದೆಯೇ ಲಾರಿ ಓಡಾಡುವ ರಸ್ತೆ. ಹಿಂದುಗಡೆ ನೀರಿನ ತೊಟ್ಟಿ, ಅದರ ಮುಚ್ಚಳ ಸರಿದಿತ್ತು. ಬಗ್ಗಿ ನೋಡಿದಳು. ಕಪ್ಪು ನೀರು... ಅದರಲ್ಲಿ ತನ್ನದೇ ಮುಖ, ಮತ್ತೇನಿಲ್ಲ.

ಬಿಸಿಯೂಟದ ಸಾಮಾನಿನ ಕೋಣೆಯ ಬಾಗಿಲಲ್ಲಿ ಹೆಂಗಸೊಬ್ಬಳು ಕುಕ್ಕರಗಾಲಿನಲ್ಲಿ ಕುಳಿತು ತುಟಿಯ ಮೇಲೆ ಬೆರಳಿಟ್ಟಿದ್ದಳು. ವಿಶೇಷ ಆರೈಕೆ ಬೇಕಾದ ಮಕ್ಕಳಿಗಾಗಿಯೇ ವಾರಕ್ಕೊಮ್ಮೆ ಶಾಲೆಗೆ ಬರುವ ಟೀಚರ್ ತಬಸ್ಸುಮ. ಅವಳ ಹಿಂದೆ, ಅಕ್ಕಿಮೂಟೆಗಳ ಸಂದಿಯಿಂದ ಎರಡು ಪುಟ್ಟ ಪಾದ ಹೊರಚಾಚಿದ್ದವು.

ಶೀಬಾಳ ಬಾಯಿಂದ ಚೀತ್ಕಾರ ಹೊರಡುವ ಮೊದಲೇ ತಬಸ್ಸುಮ ಅವಳ ಕೈ ಹಿಡಿದಳು.

"ಚೀರಬ್ಯಾಡ್ರಿ ಅಕ್ಕ. ಆಕಿ ಮುಖ ಹೊರಗದ. ಉಸಿರಾಡ್ಲತ್ತಾಳ, ನೋಡ್ರಿ."

ಸಲೋಮಿ ಅರ್ಧ ಖಾಲಿಯಾದ ಬೇಳೆಯ ಚೀಲವನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ಅವಚಿ ಮಲಗಿದ್ದಳು. ಅವಳ ಮುಖದಲ್ಲಿ ಎರಡು ವಾರದಿಂದ ಕಾಣದ ಶಾಂತಿ.

"ಇಲ್ಲ್ಯಾಕ ಮಲಗಿದಿ ಪುಟ್ಟಿ?" ತಬಸ್ಸುಮ ಮೆಲ್ಲಗೆ ಕೇಳಿದಳು.

"ಮೈಯಾಗ ಇರುವಿ ಹರದಾಡ್ತಾವ. ಒತ್ತಿದ್ರ ಹೋಗ್ತಾವ."

"ಮನ್ಯಾಗ ಬಂದ್ರ?"

"ಪಪ್ಪಗ ಹೇಳ್ತೀನಿ. ಗಾದಿ ಹಾಕಿ ಒತ್ತತಾನ. ಸಾಕ್ ಅಂದ್ರ ಬಿಡ್ತಾನ. ಅವತ್ತ ನಾ ಸಾಕ್ ಅಂದಿಲ್ಲ... ಮಮ್ಮಿ ಕಸ್ಕೊಂಡಳು."

ಶೀಬಾ ಮಗಳ ಪಾದದ ಬಳಿ ನೆಲಕ್ಕೇ ಕುಳಿತಳು.

ತಬಸ್ಸುಮ ನಿಧಾನವಾಗಿ ತಿಳಿಸಿದಳು. ನಮಗೆ ಬರೀ ಸದ್ದು ಅನಿಸುವುದು ಕೆಲವು ಮಕ್ಕಳಿಗೆ ಕಿವಿಗೆ ಮೊಳೆ ಹೊಡೆದಂತೆ. ನಮಗೆ ಬರೀ ಬಟ್ಟೆ, ಅವರಿಗೆ ಜಾಲಿಮುಳ್ಳು. ಹಟವಲ್ಲ, ನಾಟಕವಲ್ಲ. ಅಂಥವರಲ್ಲಿ ಕೆಲವರಿಗೆ ಬಿಗಿಯಾಗಿ ಒತ್ತಿದರೆ ಮೈ ಸಮಾಧಾನಕ್ಕೆ ಬರುತ್ತದೆ.

"ಆದ್ರ ಗಾದಿ, ಮೂಟಿ ಬ್ಯಾಡ್ರಿ, ಉಸಿರಿಗೆ ಅಪಾಯ. ಆಕಿ ಕೇಳಿದಾಗ ಬಿಗಿಯಾಗಿ ಅಪ್ಕೊಂಡ್ರ ಸಾಕು. ಬೀದರದಾಗ ಥೆರಪಿ ಮಾಡೋರು ಇದಾರ, ನಾ ಕರಕೊಂಡು ಹೋಗ್ತೀನಿ. ಇಲ್ಲಿ ನಾಳಿಂದ ಮೈಕಿನ ಟೈಮಿಗೆ ಆಕಿ ಲೈಬ್ರರಿಯಾಗ ಕೂಡ್ಲಿ, ಹೆಡ್‌ ಮೇಡಂಗ ನಾ ಹೇಳ್ತೀನಿ. ಹುಡುಗಿನ್ನ ಸರಿಯಾಗಿ ತಿಳ್ಕೊಂಡವರು ಮನ್ಯಾಗ ಒಬ್ಬರು ಇದಾರಲ್ರಿ ಅಕ್ಕ, ಅದಽ ದೊಡ್ಡದು."

ಆ ಒಬ್ಬರನ್ನೇ ತಾನು ಕೊಲೆಗಾರನಂತೆ ನೋಡಿದ್ದಳು.

ಅಲ್ಲಿಂದಲೇ ಅಮೋಸನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಸ್ವಿಚ್ ಆಫ್.

ಮಗಳನ್ನು ತಾಯಿಯ ಬಳಿ ಬಿಟ್ಟು ಬೀದರಕ್ಕೆ ಧಾವಿಸಿದಳು. ಮನೆಗೆ ಬೀಗ. ಹತ್ತು ದಿನದಿಂದ ಅವನು ಈ ಕಡೆ ಬಂದಿಲ್ಲವೆಂದರು ನೆರೆಯವರು. ಶೀಬಾಳ ತಲೆಯಲ್ಲಿ ಬರಬಾರದ ಯೋಚನೆಗಳೆಲ್ಲ ಬಂದವು. ಯಾರಿಗೂ ಏನೂ ಹೇಳದ ಗಂಡಸು... ಒಳಗೇ ನುಂಗಿ, ಏನಾದರೂ ಮಾಡಿಕೊಂಡಿದ್ದರೆ?

ಡಿಪೋದಲ್ಲಿ ಅವನ ಬಸ್ಸಿನ ಕಂಡಕ್ಟರ್ ಉತ್ತಮ ಸಿಕ್ಕ.

"ಅಮೋಸಣ್ಣ ಔರಾದ ರೂಟ್ ಕೇಳಿ ತಗೊಂಡಾನ್ರಿ. ಮುಕ್ಕಾಮೂ ಅಲ್ಲೇ. ಅಲ್ರಿ ತಂಗಿ, ಗಡ್ಡ ಬಿಟ್ಕೊಂಡು ತಿರಗ್ತಾನ, ಮನ್ಯಾಗ ಯಾರರ ತೀರಿಕೊಂಡಾರೇನ್ರಿ?"

ಔರಾದ ಬಸ್‌ಸ್ಟ್ಯಾಂಡಿಗೆ ತಲುಪುವಾಗ ಸಂಜೆ ಐದು. ಮೂಲೆಯಲ್ಲಿ ಖಾಲಿ ಬಸ್ಸೊಂದು ನಿಂತಿತ್ತು. ಅದರ ಮುಂದಿನ ಸೀಟಿನಲ್ಲಿ ಗಡ್ಡ ಬಿಟ್ಟ ಅಮೋಸ ಕುಳಿತಿದ್ದ.

ಬದುಕಿದ್ದಾನೆ. ಶೀಬಾ ಬಾಗಿಲ ಕಂಬಿ ಹಿಡಿದುಕೊಂಡು ನಿಂತಳು.

ಅವನು ಗಾಬರಿಯಿಂದ ಎದ್ದ. "ಸಲೋಮಿಗೆ ಏನಾಯ್ತು?"

"ಆಕಿ ಆರಾಮ ಇದಾಳ. ಎಲ್ಲ ಹೇಳಿದಳು... ನೀವು ಯಾಕ ಹೇಳ್ಲಿಲ್ರಿ? ಒಂದ್ಸಲ ಭಾಲ್ಕಿಗೆ ಬಂದು ಬೈಬೇಕಿತ್ತಲ್ಲ ನನಗ."

ಅಮೋಸ ತನ್ನ ಅಂಗೈಗಳನ್ನು ನೋಡಿಕೊಂಡ.

"ಅವತ್ತ ನೀ ನನ್ನ ನೋಡಿದೆಲ್ಲ ಶೀಬಾ... ಆ ನೋಟ ನೋಡಿ ನನ್ನ ಕೈ ಕಂಡ್ರ ನನಗಽ ಅಂಜಿಕಿ ಆಯ್ತು. ಖರೇನೇ ಕೂಸಿಗಿ ಏನರ ಮಾಡಿಬಿಡ್ತಿದ್ನೇನೋ ಅಂತ. ದೂರ ಇರೋದೇ ಛಲೋ ಅನಸ್ತು."

"ಆಕಿಗಿ ಹಂಗ ಆಗ್ತದ ಅಂತ ನಿಮಗ ಹ್ಯಾಂಗ ಗೊತ್ತಾಯ್ತು?"

ಅವನು ಕಿಟಕಿಯ ಆಚೆ ನೋಡಿದ.

"ನನಗೂ ಹಂಗೇ ಆಗ್ತದ. ಸಣ್ಣಂವ ಇದ್ದಾಗಿಂದ. ನಮ್ಮೂರು ಕಮಠಾಣದಾಗ ನಮ್ಮಪ್ಪ ಹುಚ್ಚ ಅಂತ ಬಡಿತಿದ್ದ. ನಾ ಹಾಸಿಗಿ ಸುರಳಿ ಕೆಳಗ ಹೊಕ್ಕೊಂಡು ಮಲಗ್ತಿದ್ದೆ. ಇವತ್ತಿಗೂ ಹಾರ್ನ್ ಹೊಡದ್ರ ಹಲ್ಲು ಕಚ್ಚಿ ಗಾಡಿ ಹೊಡಿತೀನಿ. ನೀ ನರ್ಸ್... ಹೇಳಿದ್ರ ನನ್ನ ರೋಗಿ ಮಾಡ್ತಿ ಅಂತ ಅಂಜಿದೆ."

ಶೀಬಾಳ ಕಣ್ಣು ತುಂಬಿದವು. ಏಳು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು ತಾನಾಗಿ ಹೊರಬಂತು.

"ಅದಕ್ಕಽ ಏನ್ರಿ ನಾ ಕೈ ಸವರಿದ್ರ ನೀವು ಸರೀತಿದ್ದಿದ್ದು? ನಾ ನಿಮಗ ಮನಸಿಗೆ ಬಂದಿಲ್ಲ ಅನ್ಕೊಂಡಿದ್ದೆ."

"ನೀನಾ?" ಅಮೋಸ ಬೆರಗಿನಿಂದ ಅವಳನ್ನೇ ನೋಡಿದ. "ನಿನ್ನ ಬಿಟ್ಟು ನನಗ ಯಾರದಾರ ಶೀಬಾ? ಹಗೂರ ಮುಟ್ಟಿದ್ರ ಮೈ ಜುಮ್ ಅಂತದ, ಅಷ್ಟೇ... ಇನ್ನೂ ಅಂಜಿಕಿ ಅದೇನು, ನನ್ನ ಕಂಡ್ರ?"

"ಅಂಜಿಕಿ ಅದ. ನಾಳಿ ಹ್ಯಾಂಗ, ಸಾಲಿ ಹ್ಯಾಂಗ, ಆಕಿ ದೊಡ್ಡಾಕಿ ಆದ ಮ್ಯಾಲ ಹ್ಯಾಂಗ... ಎಲ್ಲದಕ್ಕೂ ಅಂಜಿಕಿ ಅದ. ನಿಮ್ಮ ಕಂಡ್ರ ಇಲ್ಲ. ಮನಿಗಿ ನಡೀರಿ."

ಅವನು ಕೈ ಮುಂದೆ ಚಾಚಿದ. ಅವಳು ಎರಡೂ ಕೈಯಿಂದ ಅದನ್ನು ಹಿಡಿದಳು.

"ಹಿಂಗೇನ್ರಿ?"

"ಇನ್ನೂ ಗಟ್ಟಿ."

"ನೋವಾಗ್ತದಲ್ರಿ..."

"ಆಗೂದಿಲ್ಲ. ನೀ ಹಿಡಿ."