ಹನ್ನೆರಡನೇ ತಾರೀಖಿನ ಗಾಣ

ಭಾನುವಾರ ಬೆಳಿಗ್ಗೆ ಮಸ್ಕಿಯ ಗಾಣಿಗರ ಓಣಿಯ ಗಟಾರದಲ್ಲಿ ಎಣ್ಣೆ ಹರಿಯುತ್ತಿತ್ತು. ಕಸ್ತೂರೆಮ್ಮನ ಗಾಣದ ಕುಸುಬಿ ಎಣ್ಣೆ. ಮೊನ್ನೆಯವರೆಗೆ ಅದಕ್ಕಾಗಿ ಪಾಳಿ ಹಚ್ಚಿದ್ದ ಜನವೇ ಒಬ್ಬೊಬ್ಬರಾಗಿ ಬಂದು ತಂಬಿಗೆ, ಬಾಟಲಿ, ಡಬ್ಬಿ ಬೋರಲು ಹಾಕಿ ಹೋಗಿದ್ದರು. ಯಾರೂ ಬೈದಿರಲಿಲ್ಲ. ಬೈದಿದ್ದರೆ ಕಸ್ತೂರೆಮ್ಮ ತಿರುಗಿ ನಾಲ್ಕು ಬೈದು ಹಗುರಾಗುತ್ತಿದ್ದಳು.

ಲಿಂಗಸುಗೂರಿನ ಮೊದಲ ಬಸ್ಸಿಗೆ ಬಂದ ಹಾಜಿರಾಬೀ ಸೀರೆಯ ನಿರಿಗೆ ಎತ್ತಿ ಹಿಡಿದು ಗಟಾರ ದಾಟಿದಳು. ಶಾಲೆಯ ಟೀಚರು. ಪೇಪರು ತಿದ್ದಲು ಕೂತರೆ ತಪ್ಪು ಸಿಗುವ ತನಕ ಮೇಲೇಳದ ಹೆಂಗಸು.

"ನೋಡ್ರಿ ಅಕ್ಕೋರ, ನಿಮ್ಮ ವಹಿ ಮಾಡಿದ ಕೆಲಸ," ಅಂದಳು ಕಸ್ತೂರೆಮ್ಮ. "ನಾಡಿದ್ದು ಮಂಗಳವಾರ ಸಂತಿ. ಕೆಂದನ್ನ ಮಾರತೀನಿ. ತಿರುಗೂದಿಲ್ಲದ ಗಾಣಕ್ಕ ಎತ್ತು ಯಾಕ?"

ಕೆಂದ ಎಂಬ ಎತ್ತು ಗೋದಲಿಯಲ್ಲಿ ಸುಖವಾಗಿ ಮೆಲುಕು ಹಾಕುತ್ತಿತ್ತು. ಅದಕ್ಕೇನು ಗೊತ್ತು ಪಾಪ.

ವಹಿ ಅಂದರೆ ಅಂಗಡಿ ಲೆಕ್ಕದ್ದಲ್ಲ. ಸಾಮಾನು ಕೊಳ್ಳುವವರೇ ಬರೆದು ಕೊಳ್ಳುವವರೇ ಓದುವ ವಹಿ. ಯಾರ ತೊಗರಿಬೇಳೆಗೆ ಬಣ್ಣ ಹತ್ತಿದೆ, ಯಾರು ಕೂಸುಗಳ ಕೈಯಲ್ಲಿ ಬೀಡಿ ಕಟ್ಟಿಸುತ್ತಾರೆ, ಯಾರ ಮಾಲು ನಿಯತ್ತಿನದು, ಎಲ್ಲ ಅದರಲ್ಲಿ. ನಾಲ್ಕು ವರ್ಷದ ಹಿಂದೆ, ತೊಂಬತ್ತರಲ್ಲಿ, ಹಾಜಿರಾಬಿಯೇ ಶುರು ಮಾಡಿದ್ದು. ಲಿಂಗಸುಗೂರಿನದು ಅವಳ ಹತ್ತಿರ, ಮಸ್ಕಿಯದು ದರ್ಜಿ ಮಾನಪ್ಪನ ಹತ್ತಿರ, ಸಿಂಧನೂರಿನದು ಕಿರಾಣಿ ಅಂಗಡಿಯ ಶಿವಶರಣಪ್ಪನ ಹತ್ತಿರ. ಬರೆದವರು ಕಣ್ಣಾರೆ ಕಂಡಿರಬೇಕು, ತಾರೀಖು ಹಾಕಬೇಕು, ಸಹಿ ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಬರೆದದ್ದನ್ನೇ ಎರಡು ಚೀಟಿಗೆ ಇಳಿಸಿ, ಅವುಗಳ ಮೇಲೂ ಅವರೇ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ, ಆ ಚೀಟಿಗಳು ಬುಧವಾರದ ಬಸ್ಸಿನಲ್ಲಿ ಕಂಡಕ್ಟರ್ ಮೌಲಾಹುಸೇನನ ಚೀಲ ಸೇರಿ ಉಳಿದೆರಡು ಊರಿಗೆ ಹೋಗಿ ಅಲ್ಲಿ ನಕಲಾಗುತ್ತಿದ್ದವು. ಯಾರ ಮೇಲೆ ಬರೆದಿದೆಯೋ ಅವರಿಗೆ ಕೆಳಗೆ ಉತ್ತರ ಬರೆಯುವ ಹಕ್ಕಿತ್ತು.

ಕಳೆದ ಬುಧವಾರ ಬಂದ ಚೀಟಿ ಹೀಗಿತ್ತು: "ತಾ. 12-9-94. ಮಸ್ಕಿಯ ಕಸ್ತೂರೆಮ್ಮನ ಗಾಣ ತಿರುಗುವಾಗ ಕುಸುಬಿಯೊಳಗೆ ದತ್ತೂರಿ ಬೀಜ ಸುರಿದದ್ದು ಕಂಡೆ. ಎತ್ತಿಗೆ ನೀರು ಕೊಡದೆ ಹೊಡೆಯುತ್ತಿದ್ದರು. ಯಮನಮ್ಮ, ಗೊರೇಬಾಳ."

ಕೆಳಗೆ ನೇರಳೆ ಮಸಿಯ ಹೆಬ್ಬೆಟ್ಟು. ಅದನ್ನು ಲಿಂಗಸುಗೂರಿನ ವಹಿಗೆ ಇಳಿಸಿದ್ದು ಹಾಜಿರಾಬಿಯ ಕೈ. ಕಸ್ತೂರೆಮ್ಮನನ್ನು ಒಂದು ಮಾತೂ ಕೇಳಿರಲಿಲ್ಲ. ಹಾಜಿರಾಬಿಗೆ ಈಗ ನಾಚಿಕೆಯಾಯಿತು.

"ದತ್ತೂರಿ ಹಾಕಿಲ್ಲಂತ ನಾ ಹೇಳಿದ್ರ ಯಾರು ನಂಬತಾರ?" ಅಂದಳು ಕಸ್ತೂರೆಮ್ಮ. "ಮಿಷನ್ ಗಿರಣಿ ಬಸವಂತರಾಯಂದ ಕಿತಾಪತಿ ಇದು."

"ಸಂತಿ ತನಕ ತಡೀರಿ," ಅಂದಳು ಹಾಜಿರಾಬೀ.

* * *

ಬಸವಂತರಾಯನ ಎಣ್ಣೆ ಗಿರಣಿಗೆ ಬೀಗ. ಮೋಟಾರು ಸುಟ್ಟು ಮೂರು ವಾರವಾಗಿತ್ತು. ಆತ ಕಟ್ಟೆಯ ಮೇಲೆ ನೆಗಡಿಯ ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದ.

"ನಾನ್ಯಾಕ ಬರೀಲ್ರೀ ಅಕ್ಕೋರ? ಈಗ ನಮ್ಮ ಮನಿಗೇ ಆಕಿ ಎಣ್ಣಿ ಬರತೈತಿ. ಇನ್ನೇನು ತರಬೇಕೋ ತಿಳೀವಲ್ದು."

ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂತು. ಗಾಣದ ಎಣ್ಣೆಯದೇ. ಹಾಜಿರಾಬೀ ಆತನನ್ನು ಅಲ್ಲಿಗೇ ಬಿಟ್ಟಳು.

ಮಾನಪ್ಪ ತನ್ನ ವಹಿ ತೆಗೆದು ತೋರಿಸಿದ. ಬರಹದ ಪಕ್ಕದಲ್ಲಿತ್ತು: 'ಲಿಂಗಸುಗೂರಿನ ವಹಿಯಿಂದ ನಕಲು.'

"ನನ್ನ ವಹಿಯಿಂದ?" ಹಾಜಿರಾಬಿಯ ಹುಬ್ಬು ಮೇಲೇರಿತು. "ನನಗ ಬಂದ ಚೀಟಿಯೊಳಗ 'ಮಸ್ಕಿ ವಹಿಯಿಂದ' ಅಂತಿತ್ತು."

"ಹಂಗಾದ್ರ ಮೊದಲ ಬರದವರು ಯಾರ್ರೀ?"

"ಯಾರೂ ಇಲ್ಲ. ನಿಮಗ ಚೀಟಿ ಯಾವಾಗ ಸಿಕ್ತು?"

"ಬುಧವಾರ ಮುಂಜಾನೆ. ನಾಷ್ಟಾ ಮಾಡಿ ಬರದೀನಿ."

ಹಾಜಿರಾಬೀ ಬೆಂಚಿನ ಮೇಲೆ ಕೂತುಬಿಟ್ಟಳು. ಮುಂಜಾನೆಯ ಬಸ್ಸು ಸಿಂಧನೂರಿನಿಂದ ಹೊರಟು ಮಸ್ಕಿ ದಾಟಿ ಲಿಂಗಸುಗೂರಿಗೆ ಬರುತ್ತದೆ. ಸಂಜೆ ಅದೇ ದಾರಿಯಲ್ಲಿ ವಾಪಸು. ಲಿಂಗಸುಗೂರಿನ ಚೀಟಿ ಮಸ್ಕಿಗೆ ಬರುವುದಿದ್ದರೆ ಸಂಜೆಗೇ ಬರಬೇಕು. ಮುಂಜಾನೆ ಬಂದದ್ದು ಸಿಂಧನೂರಿನ ಕಡೆಯಿಂದ.

ಸಿಂಧನೂರಿನಲ್ಲಿ ಆ ಚೀಲ ಮುಟ್ಟುವವರು ಇಬ್ಬರೇ. ಕಂಡಕ್ಟರ್ ಮತ್ತು ಶಿವಶರಣಪ್ಪ.

* * *

ಸೋಮವಾರ ಶಾಲೆಗೆ ರಜೆ ಹಾಕಿ ಹಾಜಿರಾಬೀ ಸಿಂಧನೂರಿಗೆ ಹೋದಳು. ಮೌಲಾಹುಸೇನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದ.

"ಮೌಲಾಭಾಯ್, ಚೀಲದ ಬಾಯಿ ಯಾರು ಕಟ್ಟತಾರ?"

"ಶಿವಶರಣಪ್ಪನವರು. ನಾ ಬಿಚ್ಚೂದಿಲ್ರೀ." ಆಮೇಲೆ ಮುಖ ಸಣ್ಣ ಮಾಡಿಕೊಂಡ. "ನನ್ನ ಮ್ಯಾಲ ಶಕ್ ಐತೇನು?"

"ಎಲ್ಲಾರ ಮ್ಯಾಲೂ ಐತಿ. ಚಹಾ ಕುಡೀರಿ."

ಶಿವಶರಣಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುತ್ತಲಿನ ಹಳ್ಳಿಯ ಕೂಲಿ ಹೆಂಗಸರೆಲ್ಲ ಅಲ್ಲೇ. ಶಿವಶರಣಪ್ಪ ಸಕ್ಕರೆಯ ಪುಡಿಕೆಗೆ ದಾರ ಸುತ್ತುತ್ತಿದ್ದ, ಬಲಗೈ ಹೆಬ್ಬೆರಳಿಗೆ ಒಂದು ಸುತ್ತು ಹಾಕಿ ಪಟ್ಟನೆ ಹರಿಯುತ್ತಿದ್ದ.

"ಬರ್ರಿ ಅಕ್ಕೋರ! ಕೆಟ್ಟ ಸುದ್ದಿ ನೋಡ್ರಿ, ಕಸ್ತೂರೆಮ್ಮಂದು. ಹಂಗ ಮಾಡಬಾರದಿತ್ತು ಆಕಿ." ವಹಿ ಮುಂದಿಟ್ಟ. ಅದರಲ್ಲೂ ಇದ್ದದ್ದು 'ಮಸ್ಕಿ ವಹಿಯಿಂದ ನಕಲು.'

ಅವನ ಬೆನ್ನ ಹಿಂದೆ ಪ್ಯಾಕೆಟ್ ಎಣ್ಣೆಯ ಹೊಸ ರಟ್ಟಿನ ಡಬ್ಬಿಗಳು ಛಾವಣಿ ಮುಟ್ಟಿದ್ದವು. ಒಂದೂ ಒಡೆದಿರಲಿಲ್ಲ.

"ಏಜೆನ್ಸಿ ತಗೊಂಡ್ರೇನು?"

"ಹೋದ ತಿಂಗಳ. ಜನಕ್ಕ ಶುದ್ಧ ಎಣ್ಣಿ ಸಿಗಲಿ ಅಂತ."

"ನಾಳೆ ವಹಿ ತಗೊಂಡು ಮಸ್ಕಿಗೆ ಬರ್ರಿ. ಇದೊಂದು ಮುಗಿಸೋಣ."

"ಜರೂರ್ ಬರತೀನಿ," ಅಂದ ಶಿವಶರಣಪ್ಪ.

* * *

ನಾಟಿಯ ಹಂಗಾಮು. ಯಮನಮ್ಮ ಗದ್ದೆಯಲ್ಲೇ ಸಿಗುತ್ತಾಳೆಂದು ಹಾಜಿರಾಬೀ ಗೊರೇಬಾಳದ ಕಾಲುವೆ ದಂಡೆಗುಂಟ ನಡೆದಳು. ಗದ್ದೆಯಲ್ಲಿ ಕೊಕ್ಕರೆ ಬಿಟ್ಟರೆ ಯಾರೂ ಇರಲಿಲ್ಲ. ಬೈದುಕೊಳ್ಳುತ್ತ ಊರೊಳಗೆ ಬಂದರೆ ಯಮನಮ್ಮ ಮನೆಯ ಮುಂದೆ ಅಕ್ಕಿ ಆರಿಸುತ್ತಿದ್ದಳು.

"ಹೊಲದಾಗ ಯಾಕ ಹುಡಕಿದ್ರಿ? ಇವತ್ತ ಸೋಮವಾರ ಅಲ್ರೀ? ಬಸವಣ್ಣನ ವಾರ, ಎತ್ತು ಹೂಡೂದಿಲ್ಲ. ಹೂಡದಿದ್ರ ಕೆಸರಿಲ್ಲ, ಕೆಸರಿಲ್ಲಂದ್ರ ನಾಟಿ ಇಲ್ಲ. ನಮಗ ಬಿಡುವು ಅಂದ್ರ ಇದೊಂದೇ ದಿನ."

ಹಾಜಿರಾಬೀ ಚೀಟಿ ಓದಿ ಹೇಳಿದಳು. ಯಮನಮ್ಮ ಮೊರ ಕೆಳಗಿಟ್ಟಳು.

"ನಾನು? ಮಸ್ಕಿಗೆ ಹೋಗಿ ವರ್ಷ ಆತು! ಅಂಗಡಿ ಸಾವುಕಾರ್ರು ವಹಿ ಐತಿ ಅಂದಾಗ, ಬೇಳಿ ಚಲೋ ಐತಿ ಅಂತ ಒಮ್ಮೆ ಹೆಬ್ಬೆಟ್ಟು ಒತ್ತೀನಿ. ಅಷ್ಟೇ. ಅದೂ ಬ್ಯಾಸಗಿಯಾಗ. ಈಗಾದ್ರ ನೋಡ್ರಿ." ಬಲಗೈ ಚಾಚಿದಳು. ತಿಂಗಳುಗಟ್ಟಲೆ ಕೆಸರಲ್ಲಿ ನೆನೆದು, ಸಸಿ ಒತ್ತಿ ಒತ್ತಿ ಹೆಬ್ಬೆರಳಿನ ಗೆರೆಗಳೇ ಸವೆದಿದ್ದವು. "ನಾಟಿ ಮುಗಿಯೂತನಕ ಎಲ್ಲಿ ಒತ್ತಿದ್ರೂ ಬರೇ ಮಸಿ ಬೀಳತೈತಿ."

ಚೀಟಿಯ ಮೇಲಿನ ಹೆಬ್ಬೆಟ್ಟಿನಲ್ಲಿ ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ. ನಡುವೆ ಅಡ್ಡಲಾಗಿ ಒಂದು ಬಿಳಿ ಪಟ್ಟೆ.

"ಅಕ್ಕೋರ, ಹನ್ನೆರಡು ಅಂದ್ರ ಯಾವ ವಾರ?" ಯಮನಮ್ಮನಿಗೆ ತಾರೀಖು ತಿಳಿಯದು, ವಾರ ತಿಳಿಯುತ್ತದೆ.

ಹಾಜಿರಾಬೀ ಬೆರಳು ಮಡಚಿದಳು. "ಇವತ್ತು ಹತ್ತೊಂಬತ್ತು. ಅಂದ್ರ ಹನ್ನೆರಡೂ ಸೋಮವಾರ."

ಯಮನಮ್ಮ ಗೊಳ್ಳನೆ ನಕ್ಕಳು. "ಸೋಮವಾರ ಗಾಣ ಯಾರು ಹೂಡತಾರ್ರೀ?"

ಮೂರು ಊರಿನ ಓದುಬರಹ ಬಲ್ಲ ಜನ ಆ ಸಾಲನ್ನು ಓದಿದ್ದರು. ಒಬ್ಬರೂ ಕೇಳದ ಪ್ರಶ್ನೆ. ಹಾಜಿರಾಬೀ ತನ್ನ ಹಣೆ ತಾನೇ ಬಡಿದುಕೊಂಡಳು.

* * *

ಮಂಗಳವಾರ ಬೆಳಿಗ್ಗೆ ಕೆಂದನ ಕೊರಳಿಗೆ ಹೊಸ ಹಗ್ಗ ಬಿದ್ದಿತ್ತು. ಕಸ್ತೂರೆಮ್ಮ ಅದರ ಹಣೆ ನೇವರಿಸುತ್ತ ಬಾಗಿಲಲ್ಲೇ ನಿಂತಿದ್ದಳು. ಸಂತೆಗೆ ಹೊರಟ ಜನ ಗುಂಪು ಕಟ್ಟಿದರು. ಮಾನಪ್ಪ, ಮೌಲಾಹುಸೇನ, ಇಸ್ತ್ರಿ ಅಂಗಿಯ ಶಿವಶರಣಪ್ಪ ಬಂದರು. ಹಾಜಿರಾಬೀ ಗಾಣದ ಒರಳಿನ ಮೇಲೆ ನೇರಳೆ ಮಸಿಯ ಪ್ಯಾಡು, ಬಿಳಿ ಕಾಗದ ಇಟ್ಟಳು.

"ಎಲ್ಲಾರೂ ಬಲಗೈ ಹೆಬ್ಬೆಟ್ಟು ಒತ್ರಿ."

ಮಾನಪ್ಪ ಒತ್ತಿದ. ಮೌಲಾಹುಸೇನ ಒತ್ತಿದ. ಶಿವಶರಣಪ್ಪ ನಕ್ಕ. "ನಾ ಸಹಿ ಮಾಡಾಂವ ರೀ. ಹೆಬ್ಬೆಟ್ಟು ಯಾಕ?"

"ಚೀಟಿ ಮ್ಯಾಲ ಒತ್ತೀರಲ್ಲ, ಅದಕ್ಕ."

ಹಾಜಿರಾಬೀ ಆ ಚೀಟಿ ತೆಗೆದು ಪ್ಯಾಡಿನ ಪಕ್ಕ ಇಟ್ಟಳು.

"ಯಮನಮ್ಮನ ಬೆರಳಿನ ಗೆರಿ ನಾಟಿಯೊಳಗ ಸವದಾವ. ಈ ಹೆಬ್ಬೆಟ್ಟಿನ ಗೆರಿ ಎಲ್ಲಾ ಅದಾವ, ನಡುವ ಮಾತ್ರ ದಾರ ಕೊರದ ಗುರುತೈತಿ. ಪುಡಿಕಿ ಕಟ್ಟಿ ದಾರ ಹರಿಯೋ ಬೆರಳು. ಮಸ್ಕಿಗೆ ಬಂದ ಚೀಟಿ ಮುಂಜಾನಿ ಬಸ್ಸಿಗೆ ಬಂತು, ಸಿಂಧನೂರಿಂದ. ಚೀಲ ಕಟ್ಟಾವ್ರು ನೀವು. ತಪ್ಪಿದ್ರ ಒತ್ತಿ ತೋರಿಸ್ರಿ, ಕಾಲಿಗೆ ಬಿದ್ದು ಹೋಗತೀನಿ."

ಶಿವಶರಣಪ್ಪ ಕೈಯನ್ನು ಜೇಬಿಗಿಳಿಸಿದ.

"ಇನ್ನೊಂದೈತಿ," ಅಂದಳು ಹಾಜಿರಾಬೀ. "ಕೂಲಿ ಹೆಣ್ಮಗಳು ಊರು ಬಿಟ್ಟು ಬರೂದು ಸೋಮವಾರ. ನಿಮ್ಮ ಅಂಗಡಿ ತುಂಬೂದೂ ಅವತ್ತೇ. ಅದಕ್ಕ ಹನ್ನೆರಡನೇ ತಾರೀಖು ಆರಿಸಿದ್ರಿ. ಆಕಿಗೆ ಬಿಡುವು ಯಾಕ ಸಿಗತೈತಿ ಅಂತ ಮಾತ್ರ ವಿಚಾರ ಮಾಡಲಿಲ್ಲ. ಎತ್ತಿಗೆ ಬಿಡುವು ಅಂತ ಆಕಿಗೆ ಬಿಡುವು. ಕೆಂದನೂ ಎತ್ತೇ ಅಲ್ರೀ? ಅವತ್ತು ಈ ಗಾಣ ತಿರುಗೇ ಇಲ್ಲ."

ಗುಂಪಿನಲ್ಲಿ ಯಾರೋ "ಹೌದಲ್ಲ!" ಅಂದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಟಾರದ ಜಿಡ್ಡು ಇನ್ನೂ ಒಣಗಿರಲಿಲ್ಲ.

"ಮಾಲು ಕುಂತುಬಿಟ್ಟಿತ್ತು ಅಕ್ಕೋರ," ಅಂದ ಶಿವಶರಣಪ್ಪ ಮೆಲ್ಲಗೆ. "ಎಲ್ಲಾ ಸಾಮಾನು ನನ್ನ ಕಡೆ ಒಯ್ಯತಾರ, ಎಣ್ಣಿ ಮಾತ್ರ ಮಸ್ಕಿಯಿಂದ ತರಸ್ತಾರ. ವಹಿಯೊಳಗ ಈಕಿ ಹೆಸರಿಗೆ ಎರಡು ಪುಟ ಹೊಗಳಿಕಿ. ದಿನಾ ನಾನೇ ಓದಿ ಹೇಳಬೇಕು."

ಹಾಜಿರಾಬೀ ಮೂರೂ ವಹಿಗಳಲ್ಲಿ ಆ ಸಾಲಿನ ಕೆಳಗೆ ನಡೆದದ್ದನ್ನೆಲ್ಲ ಬರೆದಳು. ಕೊನೆಗೆ ಸೇರಿಸಿದಳು: 'ಕಣ್ಣಾರೆ ನೋಡದೆ, ಕೇಳದೆ ನಾನೂ ನಕಲು ಮಾಡಿದೆ. ತಪ್ಪು ನನ್ನದೂ ಇದೆ.' ಸಹಿ ಮಾಡಿ ಪೆನ್ನನ್ನು ಶಿವಶರಣಪ್ಪನ ಮುಂದೆ ಹಿಡಿದಳು.

"ನಿಮ್ಮ ಮ್ಯಾಲ ಬರದೀನಿ. ಉತ್ತರ ಬರಿಯೋ ಹಕ್ಕು ನಿಮಗೂ ಐತಿ."

ಅವನು ಪೆನ್ನು ಹಿಡಿದ, ಆಮೇಲೆ ಅದನ್ನು ಕೆಳಗಿಟ್ಟು ತನ್ನ ಊರಿನ ವಹಿಯನ್ನು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಗುಂಪು ದಾರಿ ಬಿಟ್ಟಿತು.

ಕಸ್ತೂರೆಮ್ಮ ವಹಿಯತ್ತ ಬಗ್ಗಿದಳು. "ಇನ್ನ ಮ್ಯಾಲ ತಾರೀಖಿನ ಬಾಜು ವಾರಾನೂ ಬರಸ್ರಿ ಅಕ್ಕೋರ. ನಮ್ಮಂಥಾವ್ರಿಗೂ ತಿಳೀಬೇಕು."

ಹಾಜಿರಾಬೀ ತಲೆಯಾಡಿಸಿ, ತನ್ನ ಸಹಿಯ ಪಕ್ಕ 'ಮಂಗಳವಾರ' ಎಂದು ಬರೆದಳು.

ಕಸ್ತೂರೆಮ್ಮ ಕೆಂದನ ಕೊರಳಿನ ಹೊಸ ಹಗ್ಗ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದಳು. ಕಣ್ಣೊರೆಸಿಕೊಂಡು, ಮೂಲೆಯಲ್ಲಿದ್ದ ನೊಗ ಎತ್ತಿದಳು. ತಲೆ ತಗ್ಗಿಸಿ ನಿಂತ ಗಿರಾಕಿಗಳ ಕಡೆ ತಿರುಗಿ ಗದರಿದಳು:

"ಏನ್ ನೋಡ್ತೀರಿ? ಹೋಗಿ ತಂಬಿಗಿ ತಗೊಂಡು ಬರ್ರಿ. ಇವತ್ತ ಗಾಣ ತಿರುಗೋ ವಾರ."