ಒಂದು ವರ್ಷ ಬಿಚ್ಚದ ಚೀಲ

ಹಾಲ್‌ನ ಬಾಗಿಲಲ್ಲಿ ಗ್ರೇಡಿ ಕಾಣಿಸಿದ್ದೇ ತಡ, ಮಾರ್ಲಿಸ್ ಮೇಜಿನ ಕೆಳಗೆ ಬಗ್ಗಿದಳು. ಬಿದ್ದದ್ದೇನೂ ಇರಲಿಲ್ಲ. ಆದರೂ ಸ್ಕ್ರೂ ಹುಡುಕುವವಳಂತೆ ಕಾರ್ಪೆಟ್ ಸವರುತ್ತ, ಅವನ ಕಂದು ಬೂಟುಗಳು ದಾಟಿಹೋಗಲಿ ಎಂದು ಕಾದಳು.

ಬೂಟುಗಳು ದಾಟಲಿಲ್ಲ. ಅವಳ ಮೇಜಿನ ಮುಂದೆಯೇ ನಿಂತವು.

“ಏನು ಕಳೀತು?”

“ಏನಿಲ್ಲ.”

“ಏನೂ ಇಲ್ಲದ್ದನ್ನ ಹುಡುಕೋಕೆ ಟಾರ್ಚ್ ಬೇಕಾದ್ರೆ ನನ್ನ ಹತ್ರ ಇದೆ.”

ಅವಳು ಮೇಲೆದ್ದಳು. ಕಿವಿ ಕೆಂಪಗಾಗಿತ್ತು. ಅವನು ನಗುತ್ತಿದ್ದ, ಏನೂ ನಡೆದೇ ಇಲ್ಲವೆಂಬಂತೆ. ಅದೇ ಅವಳಿಗೆ ತಡೆಯಲಾಗದ್ದು.

ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಕೂಡಿಡುವವರು ಪ್ರತಿ ಜೂನ್‌ನಲ್ಲಿ ಒಹಾಯೊದ ಕ್ಯಾಂಟನ್ ಊರಿನ ಈ ಹೋಟೆಲ್ ಹಾಲ್‌ನಲ್ಲಿ ಸೇರುತ್ತಾರೆ. ಹೋದ ಜೂನ್‌ನ ಅದಲುಬದಲಿನ ಹೊತ್ತಿನಲ್ಲಿ ಮಾರ್ಲಿಸ್ ತನ್ನ ಎಲೆಕ್ಟ್ರೋಲಕ್ಸನ್ನು ಗ್ರೇಡಿಗೆ ಕೊಟ್ಟು, ಅವನ ಗುಂಡನೆಯ ಹೂವರ್ ಕಾನ್‌ಸ್ಟೆಲೇಷನ್ ತೆಗೆದುಕೊಂಡಿದ್ದಳು. ಕೊಡುವ ಮುಂಚೆ, ಎಲ್ಲರೂ ಊಟದ ಸಾಲಿನಲ್ಲಿದ್ದಾಗ, ಎಲೆಕ್ಟ್ರೋಲಕ್ಸ್‌ನೊಳಗಿನ ಕಾಗದದ ಚೀಲದ ಬಾಯೊಳಕ್ಕೆ ಮಡಿಸಿದ ಒಂದು ಚೀಟಿ ತುರುಕಿದ್ದಳು. ಎದುರಿಗೆ ನಿಂತು ಹೇಳುವ ಧೈರ್ಯ ಅವಳದಲ್ಲ. ಯಂತ್ರ ಮನೆಗೆ ತಂದವರು ಮೊದಲು ಮಾಡುವ ಕೆಲಸ ಹಳೇ ಚೀಲ ಕಿತ್ತು ಒಳಗೇನಿದೆ ನೋಡುವುದು. ಅಂಚೆಪೆಟ್ಟಿಗೆಗಿಂತ ಅದೇ ಖಾತ್ರಿ ಎಂದುಕೊಂಡಿದ್ದಳು.

ಚೀಟಿಯ ಕೊನೆಯಲ್ಲಿ ಫೋನ್ ನಂಬರ್ ಇತ್ತು. ಫೋನ್ ಬರಲಿಲ್ಲ. ಎಲೆ ಉದುರಿತು, ಹಿಮ ಬಿತ್ತು, ಕರಗಿತು. ಬರಲೇ ಇಲ್ಲ. ಇಲ್ಲ ಎನ್ನುವುದಕ್ಕೂ ಒಂದು ಮಾತು ಸಿಗದೆ ಹೋಯಿತೇ ಇವನಿಗೆ, ಎಂದು ಅವಳು ಆ ಗುಂಡು ಯಂತ್ರವನ್ನು ಒರೆಸುತ್ತ ಒರೆಸುತ್ತ ಕೇಳಿಕೊಂಡಿದ್ದಳು.

“ನಮ್ಮ ಗುಂಡಣ್ಣ ಹೇಗಿದ್ದಾನೆ?” ಗ್ರೇಡಿ ಕಾನ್‌ಸ್ಟೆಲೇಷನ್‌ನ ನೆತ್ತಿ ತಟ್ಟಿದ. “ಚೆನ್ನಾಗಿ ನೋಡ್ಕೊಂಡಿದ್ದೀರಿ. ನನ್ನ ಮುಖ ಕಾಣ್ತಿದೆ ಇದರಲ್ಲಿ.”

“ಅದಕ್ಕೇ ಗೀರು ಬಿದ್ದಿದ್ಯಾ ನೋಡ್ತಿದ್ದೆ.”

ಅವನು ಗಹಗಹಿಸಿ ನಕ್ಕ. ಅವಳಿಗೆ ತನ್ನ ನಾಲಗೆಯ ಮೇಲೆಯೇ ಆಶ್ಚರ್ಯ. ಕೋಪ ಬಂದಾಗ ಮಾತು ಇಷ್ಟು ಸಲೀಸಾಗಿ ಬರುತ್ತದೆಯೇ?

“ಇವತ್ತಿನ ಸ್ಪರ್ಧೇಲಿ ಸೋಲ್ತೀರಿ,” ಎಂದ ಅವನು. “ಎಲೆಕ್ಟ್ರೋಲಕ್ಸ್ ಹಿಮದ ಜಾರುಬಂಡಿ ಥರ ಪಟ್ಟಿ ಮೇಲೆ ಜಾರುತ್ತೆ. ಎಲ್ಲಿ ಬಿಟ್ರೆ ಅಲ್ಲೇ ನಿಲ್ಲುತ್ತೆ. ನಿಮ್ಮ ಗುಂಡಣ್ಣನನ್ನ ಮೆಟ್ಟಿಲ ಮೇಲೆ ನಿಲ್ಲಿಸಿ ನೋಡೋಣ!”

“ನನ್ನದು ತಾನು ಬಿಡೋ ಗಾಳಿ ಮೇಲೇ ತೇಲುತ್ತೆ. ಬೆರಳಲ್ಲಿ ಎಳೆದ್ರೆ ಸಾಕು, ಹಿಂದೇನೇ ಬರುತ್ತೆ. ನಿಮ್ಮದು ಸ್ನಾನಕ್ಕೆ ಹೊರಡದ ನಾಯಿ. ದರದರ ಎಳೀಬೇಕು.”

“ಶಬ್ದ?”

“ನಿಮ್ಮದೇ ಕಮ್ಮಿ,” ಎಂದು ಒಪ್ಪಿಕೊಂಡಳು.

“ಹಿಂದೇನೇ ಬರೋದು...” ಅವನು ಅವಳ ಕಣ್ಣನ್ನೇ ನೋಡಿದ, ಒಂದು ಗಳಿಗೆ ಹೆಚ್ಚಾಗಿಯೇ. “ಅದು ಒಳ್ಳೇ ಗುಣ. ಒಪ್ದೆ.”

ಹೀಗೆ ನೋಡುವವನು ಚೀಟಿಗೆ ಉತ್ತರ ಕೊಡಲಿಲ್ಲವಲ್ಲ! ಮಾರ್ಲಿಸ್ ತಲೆ ತಗ್ಗಿಸಿ, ಮೊದಲೇ ನೇರವಾಗಿದ್ದ ವೈರನ್ನು ಮತ್ತೆ ನೇರ ಮಾಡಿದಳು.

ಆಗ ಸ್ಪರ್ಧೆಯ ತೀರ್ಪುಗಾರ ವರ್ನನ್ ಬಂದ. ನಲವತ್ತು ವರ್ಷ ರಿಪೇರಿ ಅಂಗಡಿ ನಡೆಸಿದ ಮುದುಕ. ಪ್ಯಾಂಟಿಗೆ ಕೆಂಪು ಪಟ್ಟಿ, ಕೈಯಲ್ಲಿ ಅಡುಗೆಮನೆಯ ತಕ್ಕಡಿ. ಕಪ್ಪು ಕಾರ್ಪೆಟ್ ಮೇಲೆ ಅಳತೆ ಮಾಡಿ ಸೋಡಾಪುಡಿ ಚೆಲ್ಲುವುದು, ಯಾರ ಯಂತ್ರ ಒಂದು ನಿಮಿಷದಲ್ಲಿ ಹೆಚ್ಚು ಎಳೆಯುತ್ತದೋ ನೋಡುವುದು. ಚೀಲವನ್ನು ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗುತ್ತಾರೆ. ಒಳಗೇನಾದರೂ ಇದ್ದರೆ ಎಲ್ಲರೆದುರು ಕತ್ತರಿಸಿ ತೋರಿಸಬೇಕು. ಹಿಂದೊಮ್ಮೆ ಯಾರೋ ಚೀಲದಲ್ಲಿ ಒದ್ದೆ ಕಾಲುಚೀಲ ಇಟ್ಟು ಸಿಕ್ಕಿಬಿದ್ದಾಗಿನಿಂದ ಬಂದ ನಿಯಮವಿದು.

“ಗ್ರೇಡಿ, ಚೀಲ ತೆಗಿಯಪ್ಪ.”

“ಮೆಲ್ಲಗೆ, ವರ್ನನ್! ಯಂತ್ರದ ಜೊತೆಗೇ ಬಂದ ಚೀಲ ಅದು. ನನ್ನ ಅಪ್ಪನಿಗಿಂತ ದೊಡ್ಡ ವಯಸ್ಸು ಅದಕ್ಕೆ. ಒಂದು ವರ್ಷದಿಂದ ನಾನೇ ಬೆರಳು ಸೋಕಿಸಿಲ್ಲ.”

ಮಾರ್ಲಿಸ್ ಕೈಯಿಂದ ವೈರು ಜಾರಿತು.

ಬೆರಳು ಸೋಕಿಸಿಲ್ಲ! ಇಡೀ ಜಗತ್ತು ಮೊದಲ ದಿನವೇ ಕಿತ್ತೆಸೆಯುವ ಚೀಲವನ್ನು ಈ ಮಹಾರಾಯ ದೇವರ ಪೆಟ್ಟಿಗೆಯ ಹಾಗೆ ಕಾಪಾಡಿಕೊಂಡು ಬಂದಿದ್ದಾನೆ! ಅವನು ಇಲ್ಲ ಎಂದಿರಲಿಲ್ಲ. ಓದಿಯೇ ಇರಲಿಲ್ಲ. ಎದೆಯೊಳಗೆ ಸಾವಿರ ದೀಪ ಹೊತ್ತಿಕೊಂಡಂತಾಯಿತು. ಮರುಗಳಿಗೆಯೇ ಎಲ್ಲ ಆರಿದವು. ವರ್ನನ್ ಚೀಲವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ.

ಸರಕ್, ಸರಕ್.

“ಒಳಗೇನೋ ಇದೆಯಲ್ಲೋ.”

“ಹಳೇ ಧೂಳಿರ್ಬೇಕು.”

“ಧೂಳು ಹೀಗೆ ಸದ್ದು ಮಾಡಲ್ಲ ಮಗಾ. ಕತ್ತರಿ ಕೊಡಿ ಯಾರಾದ್ರೂ.”

“ಕತ್ತರಿಸೋದಾದ್ರೆ ನಾನು ಸ್ಪರ್ಧೆಗೇ ಬರಲ್ಲ,” ಎಂದ ಗ್ರೇಡಿ. “ಇಂಥ ಚೀಲ ಮತ್ತೆಲ್ಲಿ ಸಿಗುತ್ತೆ?”

“ಬಂದು ನಿಂತ ಮೇಲೆ ಹಿಂದೆ ಹೋಗೋ ಹಾಗಿಲ್ಲ. ನಿಯಮ ನಿಯಮವೇ.”

ಜನ ಸುತ್ತ ಸೇರಿದರು. ಬಾಯಲ್ಲಿ ಕಡಲೆಬೀಜದ ಚಾಕೊಲೇಟ್ ಉಂಡೆ ಇಟ್ಟುಕೊಂಡೇ ಕೆಲವರು ಓಡಿಬಂದರು. ಕತ್ತರಿ ಕೈಯಿಂದ ಕೈಗೆ ಸಾಗಿ ಬರುತ್ತಿತ್ತು. ವರ್ನನ್ ಸಿಕ್ಕಿದ್ದನ್ನೆಲ್ಲ ಮೈಕಿನಲ್ಲಿ ಓದುವವನು. ಆ ಕಾಲುಚೀಲದ ಕಂಪನಿಯ ಹೆಸರನ್ನೂ ಬಿಟ್ಟಿರಲಿಲ್ಲವಂತೆ. ಮಾರ್ಲಿಸ್‌ಗೆ ಹಾಲ್‌ನ ಹಿಂಬಾಗಿಲು ಕಾಣಿಸಿತು. ಹನ್ನೆರಡು ಹೆಜ್ಜೆ. ಹೋಗಿಬಿಟ್ಟರೆ ಇನ್ನೆಂದೂ ಈ ಊರಿಗೆ ಬರಬೇಕಿಲ್ಲ.

ಆದರೆ ಕಾಲು ಆ ಕಡೆ ತಿರುಗಲಿಲ್ಲ.

“ಕತ್ತರಿಸಬೇಡಿ!”

ತನ್ನ ದನಿ ಅಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು.

“ಒಳಗಿರೋದು ಕಾಗದ. ನಂದು. ಹೋದ ವರ್ಷ ಹಾಕಿದ್ದೆ.” ಗ್ರೇಡಿಯ ಕಡೆ ಬೆರಳು ತೋರಿಸಿದಳು. “ಅವರಿಗೆ ಅಂತ ಹಾಕಿದ್ದೆ. ಫೋನ್ ಬರುತ್ತೆ ಅಂತ ಕಾಯ್ತಾ ಇದ್ದೆ.”

ಗ್ರೇಡಿ ಅವಳನ್ನು ನೋಡಿದ. ಚೀಲವನ್ನು ನೋಡಿದ. ಆಮೇಲೆ ವರ್ನನ್ ಕೈಯಿಂದ ಕತ್ತರಿ ತೆಗೆದುಕೊಂಡು, ಆ ಚೀಲವನ್ನು ಮೇಲಿನಿಂದ ಕೆಳಗಿನವರೆಗೆ ತಾನೇ ಸೀಳಿಬಿಟ್ಟ.

“ಅಯ್ಯೋ, ಒರಿಜಿನಲ್ ಚೀಲ!” ಹಿಂದಿನ ಸಾಲಿನಲ್ಲಿ ಯಾರೋ ಎದೆ ಹಿಡಿದುಕೊಂಡರು.

ಬೂದಿಬಣ್ಣದ ಧೂಳಿನ ಜೊತೆ ಚೀಟಿ ಅವನ ಅಂಗೈಗೆ ಬಿತ್ತು. ಊದಿ ಬಿಡಿಸಿದ. ಸೀನಿದ. ಓದಿದ. ಫೋನ್ ನಂಬರಿನ ಮೇಲೆ ಇದ್ದದ್ದು ಒಂದೇ ಸಾಲು: ‘ನಿಮ್ಮನ್ನು ಮತ್ತೆ ನೋಡಲು ಮುಂದಿನ ಜೂನ್‌ವರೆಗೆ ಕಾಯಲೇಬೇಕೇ?’

“ಮೈಕಿನಲ್ಲಿ ಓದ್ಲಾ?” ವರ್ನನ್ ಕುತ್ತಿಗೆ ಚಾಚಿದ.

“ನಿಮ್ಮ ಕೆಲಸ ನೋಡ್ಕೊಳ್ಳಿ ವರ್ನನ್,” ಎಂದು ಗ್ರೇಡಿ ಚೀಟಿಯನ್ನು ಅಂಗಿಯ ಜೇಬಿಗಿಟ್ಟ. ಮೇಜು ಸುತ್ತಿ ಅವಳ ಬಳಿ ಬಂದ. ಹುಬ್ಬಿನ ಮೇಲೆಲ್ಲ ಧೂಳು. “ನನ್ನ ದಡ್ಡತನದಿಂದ ನಿನ್ನ ಕಾಯಿಸಿಬಿಟ್ಟೆನಲ್ಲ, ಮಾರ್ಲಿಸ್. ನೀನು ಮುಟ್ಟಿದ ಚೀಲ ಅಂತಲೇ ಹಾಗೇ ಇಟ್ಕೊಂಡಿದ್ದೆ ಕಣೇ.”

ಅವಳು ಬೆರಳ ತುದಿಯಿಂದ ಅವನ ಹುಬ್ಬಿನ ಧೂಳು ಒರೆಸಿದಳು. ಅರವತ್ತು ಜನ ನೋಡುತ್ತಿದ್ದರು. ನೋಡಲಿ.

“ಚೀಲದಲ್ಲಿ ಕಾಗದ ಇಟ್ಟಿದ್ದಕ್ಕೆ ಅವಳು ಔಟ್. ನನ್ನ ಕತ್ತರಿ ಕಸಿದಿದ್ದಕ್ಕೆ ಇವನೂ ಔಟ್,” ಎಂದು ವರ್ನನ್ ಮೈಕಿನಲ್ಲಿ ಸಾರಿದ. “ಔಟ್ ಆದವರು ಸಂಜೆ ಇಡೀ ಹಾಲ್ ಗುಡಿಸಬೇಕು. ನಿಯಮ ನಿಯಮವೇ.”

“ತುಂಬ ದೊಡ್ಡ ಹಾಲ್,” ಎಂದ ಗ್ರೇಡಿ, ಖುಷಿಯಿಂದ.

ಸಂಜೆ ಎಲ್ಲರೂ ಹೋದ ಮೇಲೆ ಗ್ರೇಡಿ ತನ್ನ ಯಂತ್ರಕ್ಕೆ ಹೊಸ ಚೀಲ ಹಾಕಿದ. ಎರಡು ಯಂತ್ರಗಳೂ ಒಟ್ಟಿಗೆ ಹೊರಟವು. ಒಂದು ಜಾರಿತು, ಒಂದು ತೇಲಿತು. ಅರ್ಧ ಗಂಟೆಯಲ್ಲಿ ಮುಗಿಯಬೇಕಿದ್ದ ಕೆಲಸ. ಎರಡೂವರೆ ಗಂಟೆ ಹಿಡಿಯಿತು. ಒಂದೇ ಮೂಲೆಯನ್ನು ಅವರು ನಾಲ್ಕು ಸಲ ಗುಡಿಸಿದ್ದರು.