ಎಮ್ಮಿಗಲ್ಲಿಗೆ ಸಿಕ್ಕ ದೋಣಿ

ಲಗಮಪ್ಪ ಮಾಡಿದ ತಪ್ಪು ಒಂದೇ. ಮಹಾಪೂರ ಬಂದ ವರ್ಷ ಅವನು ಭೀಮೇಶನ ಜೀವ ಉಳಿಸಿದ್ದ.

ಘಟಪ್ರಭೆ ಊರೊಳಗೆ ನುಗ್ಗಿದ ಆ ದಿನ ಭೀಮೇಶ ಒಂದು ಜಾಲಿಗಿಡವನ್ನು ತಬ್ಬಿಕೊಂಡು ಕೂತಿದ್ದ. ಲಗಮಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜಿ ಬಂದ, ಕೂದಲು ಹಿಡಿದು ಎಳೆದ, ದಡಕ್ಕೆ ತಂದು ಹಾಕಿದ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚಹಾದಂಗಡಿಗೆ ಹೊಸಬರು ಯಾರೇ ಬರಲಿ, ಲಗಮಪ್ಪ ಬಸಿಯಲ್ಲಿದ್ದ ಚಹಾ ಆರುವ ಹೊತ್ತಿಗೆ ಕತೆ ಶುರುಮಾಡುತ್ತಿದ್ದ.

“ಕೂದಲಾ ಹಿಡದು ಜಗ್ಗಿದ್ನಿ ನೋಡ್ರಿ. ‘ಅವ್ವಾ’ ಅಂದ. ನಾ ಅಂದ್ನಿ, ನಿಮ್ಮವ್ವ ಬಂದಿಲ್ಲೊ ತಮ್ಮಾ, ನಾ ಬಂದೇನಿ.”

ಆ ‘ಅವ್ವಾ’ ಎನ್ನುವಾಗ ಲಗಮಪ್ಪ ದನಿಯನ್ನು ಕರುವಿನ ಹಾಗೆ ಎಳೆಯುತ್ತಿದ್ದ. ಜನ ನಗುತ್ತಿದ್ದರು. ಭೀಮೇಶನ ಮದುವೆಯಲ್ಲಿ ಮಮದಾಪುರದ ಬೀಗರೆದುರು ಹೇಳಿದ, ಮಗಳ ಹೆಸರಿಡುವ ದಿನ ತೊಟ್ಟಿಲ ಪಕ್ಕದಲ್ಲೇ ನಿಂತು ಹೇಳಿದ. ಭೀಮೇಶನ ಹೆಂಡತಿ ದಾನೇಶ್ವರಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗದವಳು ಅವನ ತಂಗಿ ರಾಧಿಕಾ ಒಬ್ಬಳೇ. ಸಂಕೇಶ್ವರಕ್ಕೆ ಕೊಟ್ಟ ಹುಡುಗಿ, ಹಬ್ಬಕ್ಕೆಂದು ತವರಿಗೆ ಬಂದವಳು, ಒಮ್ಮೆ ಲಗಮಪ್ಪನ ಮುಖಕ್ಕೇ ಹೇಳಿದ್ದಳು: “ಸಾಕ್ರಿ ಕಾಕಾ. ನಮ್ಮಣ್ಣ ಅವತ್ತ ಹೋಗಿದ್ರ ನೀವು ಯಾರ ಕತಿ ಹೇಳತಿದ್ರಿ?” ಅವತ್ತು ಲಗಮಪ್ಪ ಕತೆಯನ್ನು ಅಲ್ಲಿಗೇ ಬಿಟ್ಟ. ಮರುದಿನ ಮತ್ತೆ ಹೇಳಿದ.

ಲಗಮಪ್ಪ ಕೆಟ್ಟವನಲ್ಲ ಎನ್ನುವುದೇ ಹೆಚ್ಚಿನ ಕಷ್ಟ. ಕೆಟ್ಟವನ ಜೊತೆ ಜಗಳವಾದರೂ ಆಡಬಹುದಿತ್ತು. ಜೀವ ಕೊಟ್ಟವನ ಎದುರು ಭೀಮೇಶನಿಗೆ ನಗುವುದೊಂದೇ ದಾರಿ ಉಳಿದಿತ್ತು, ಏಳು ವರ್ಷ ನಕ್ಕ. ಆಮೇಲೆ ಒಂದು ಸಂಜೆ ಮಗಳು ಕಾಜಲ್ ಓಣಿಯಲ್ಲಿ ಆಡಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದಳು. ಮಕ್ಕಳು ಹೊಳೆ ಬಂದ ಆಟ ಆಡಿದ್ದರು. ಒಬ್ಬರು ಲಗಮಪ್ಪ ಆಗಬೇಕು, ಒಬ್ಬರು ಮುಳುಗುವವರು. ಅವಳು ಹಿಗ್ಗಿನಿಂದ ಹೇಳಿದಳು: “ಅಪ್ಪಾ, ಇವತ್ತ ನಾನ ನೀ ಆಗಿದ್ನಿ.”

ಭೀಮೇಶ ಅವಳ ಕೈಕಾಲು ತೊಳೆದ. ತೊಳೆಯುತ್ತಲೇ ನಿರ್ಧಾರ ಮಾಡಿದ.

ಯೋಜನೆ ಹುಡುಕಬೇಕಾಗಿರಲಿಲ್ಲ, ಲಗಮಪ್ಪನೇ ಅದನ್ನು ಸಾವಿರ ಸಲ ಹೇಳಿಕೊಟ್ಟಿದ್ದ. ಹೊಳೆಯಲ್ಲಿ ಏನೇ ಸಿಕ್ಕಿಕೊಳ್ಳಲಿ, ಎಮ್ಮೆಯೋ ಮನುಷ್ಯನೋ ದೋಣಿಯೋ, ಊರವರು ಲಗಮಪ್ಪನನ್ನು ಕರೆಯುತ್ತಾರೆ. ಅವನು ತನ್ನ ನೀಲಿ ನೈಲಾನ್ ಹಗ್ಗದ ಒಂದು ತುದಿಯನ್ನು ದಡದ ಹುಣಸೆಮರಕ್ಕೆ ಬಿಗಿಯುತ್ತಾನೆ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ, ಮೇಲಿನಿಂದ ನೀರಿಗಿಳಿದು ಓರೆಯಾಗಿ ಈಜುತ್ತಾನೆ. ನಡುಹೊಳೆಯ ಸೆಳವಿನಲ್ಲಿ ಅವನ ಭಾರವೆಲ್ಲ ಹಗ್ಗದ ಮೇಲೆ ಬೀಳುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ನೀರು ಬಂಡೆಗಳ ಮೇಲಿಂದ ಧುಮುಕುತ್ತದೆ. ಹಗ್ಗ ಇಲ್ಲದೆ ಅಲ್ಲಿ ಈಜಿದವರಿಲ್ಲ.

ಹಾಗಾದರೆ ಬೇಕಾದದ್ದು ಮೂರು. ಸಿಕ್ಕಿಕೊಂಡ ದೋಣಿ, ತಾಳದ ಹಗ್ಗ, ನೋಡುವ ಜನ.

ದೋಣಿ ಭೀಮೇಶನದೇ ಇತ್ತು. ಆಚೆ ದಡದ ಹೊಲಕ್ಕೆ ಹೋಗಿಬರಲು ಇಟ್ಟುಕೊಂಡಿದ್ದ ತಗಡಿನ ದೋಣಿ. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಾಗ ಆಚೆ ದಡದ ಪಂಪಸೆಟ್ಟನ್ನು ಮೇಲಕ್ಕೆ ಎತ್ತಿಡಲು ಎಲ್ಲ ರೈತರೂ ಓಡುತ್ತಾರೆ. ಅವನೂ ಹೋಗುತ್ತಾನೆ, ಬರುವಾಗ ಎಮ್ಮಿಗಲ್ಲಿಗೆ ದೋಣಿ ಹತ್ತಿಸುತ್ತಾನೆ. ನಡುಹೊಳೆಯಲ್ಲಿ ಎಮ್ಮೆಯ ಬೆನ್ನಿನಂತೆ ಮಲಗಿರುವ ಆ ಬಂಡೆಗೆ ಏರಿದ ದೋಣಿ ತಾನಾಗಿ ಇಳಿಯುವುದಿಲ್ಲ.

ಜನಕ್ಕಾಗಿ ನಾಗರ ಪಂಚಮಿಯ ದಿನ ಆರಿಸಿದ. ಅವತ್ತು ಯಾರೂ ನೆಲ ಅಗೆಯುವುದಿಲ್ಲ, ನೇಗಿಲು ಹೂಡುವುದಿಲ್ಲ. ಊರೆಲ್ಲ ಊರಲ್ಲೇ ಇರುತ್ತದೆ. ಲಗಮಪ್ಪನೂ ಇರುತ್ತಾನೆ. ಇಷ್ಟು ಕಣ್ಣುಗಳ ಎದುರು ನಡೆದದ್ದನ್ನು ಯಾರೂ ಕೊಲೆ ಎನ್ನುವುದಿಲ್ಲ.

ಹಗ್ಗಕ್ಕೆ ಹಳೆಯ ಟ್ರ್ಯಾಕ್ಟರ್ ಬ್ಯಾಟರಿಯ ಆಸಿಡ್. ಸಂಕೇಶ್ವರದ ಪೇಟೆಯಲ್ಲಿ ಕೊಂಡರೆ ಯಾರಾದರೂ ನೆನಪಿಟ್ಟುಕೊಂಡಾರು, ಆದ್ದರಿಂದ ಕೊಳ್ಳಲಿಲ್ಲ. ಅದೇ ಬಗೆಯ ನೀಲಿ ಹಗ್ಗದ ತುಂಡೊಂದು ಅವನ ಎಮ್ಮೆಯ ಕೊರಳಲ್ಲಿತ್ತು, ಅದರ ಮೇಲೆ ಮೊದಲು ಪರೀಕ್ಷೆ ಮಾಡಿದ. ಹುರಿ ಬಿಚ್ಚಿ, ಒಳಎಳೆಗಳಿಗೆ ಮಾತ್ರ ಹಚ್ಚಿ, ಮತ್ತೆ ಹೊಸೆದ. ಹೊರಗೆ ಏನೂ ಕಾಣಲಿಲ್ಲ. ಮೆಲ್ಲಗೆ ಜಗ್ಗಿದರೆ ತಡೆಯಿತು. ಜೀಕಿ ಜಗ್ಗಿದಾಗ ಪಟ್ಟನೆ ಹೋಯಿತು. ತುದಿಗಳಲ್ಲಿ ಕೊಯ್ದ ಗುರುತಿರಲಿಲ್ಲ. ಹಳೆಯ ಹಗ್ಗ, ಹರಿಯಿತು, ಅಷ್ಟೇ.

ಪಂಚಮಿಗೆ ಎರಡು ದಿನ ಮುಂಚೆ ಲಗಮಪ್ಪನ ಮನೆಗೆ ಹೋದ. ಲಗಮಪ್ಪ ಇರಲಿಲ್ಲ. ಅವನ ಹೆಂಡತಿ ಶಿವವ್ವ ಒಲೆಯ ಮುಂದೆ ಜೋಳದ ಅಳ್ಳು ಹುರಿಯುತ್ತಿದ್ದಳು. ನೇಗಿಲು-ಕುಂಟೆಯ ಗಳೆಸಾಮಾನು ನೋಡುವುದಿದೆ ಎಂದಾಗ ಹಿತ್ತಿಲ ಕೊಟ್ಟಿಗೆ ತೋರಿಸಿ, ಕೈಗೊಂದು ಶೇಂಗಾ ಉಂಡಿ ಕೊಟ್ಟಳು. ಭೀಮೇಶ ಉಂಡಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಅಲ್ಲಿದ್ದ ನೀಲಿ ಹಗ್ಗದ ಕೆಲಸ ಮುಗಿಸಿದ. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಹೊರಡುವಾಗ ಶಿವವ್ವ ಅವನ ಮಗಳಿಗೆಂದು ಇನ್ನೆರಡು ಕಟ್ಟಿಕೊಟ್ಟಳು.

ಉಳಿದದ್ದು ಸಣ್ಣಪುಟ್ಟ ವಿವರ, ಅವನು ಒಂದನ್ನೂ ಬಿಡಲಿಲ್ಲ. ಮೊಬೈಲ್ ಮನೆಯಲ್ಲೇ ಬಿಡಬೇಕು, ಕೈಯಲ್ಲಿ ಮೊಬೈಲ್ ಇದ್ದವನು ಗೋಕಾಕದ ಅಗ್ನಿಶಾಮಕದವರಿಗೆ ಯಾಕೆ ಫೋನ್ ಮಾಡಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಶ್ರಾವಣದ ಗಾಳಿ ಊರ ಕಡೆಯಿಂದ ಹೊಳೆಗೆ ಬೀಸುತ್ತದೆ, ಕೂಗಿದರೆ ದಡಕ್ಕೆ ಕೇಳುವುದಿಲ್ಲ, ಆದ್ದರಿಂದ ಬೀಸಲು ಕೆಂಪು ಟವೆಲ್ಲು ಬೇಕು. ಕೊನೆಯದು ಇನ್ನೊಂದು ಹಗ್ಗ. ಹೊಳೆಗೆ ಸಾಲುವಷ್ಟು ಉದ್ದದ ದಪ್ಪ ಹಗ್ಗ ಊರಲ್ಲಿ ಎರಡೇ ಇದ್ದವು, ಒಂದು ಲಗಮಪ್ಪನದು, ಇನ್ನೊಂದು ಭೀಮೇಶನ ಮನೆಯದು. ಅವನ ತಂದೆ ಪುಂಡಿನಾರಿನಲ್ಲಿ ಹೊಸೆದದ್ದು. ವರ್ಷವೆಲ್ಲ ಅಟ್ಟದ ಗೂಟಕ್ಕೆ ತೂಗಿ, ಯಾವಾಗಲೋ ಒಮ್ಮೆ ಹೆಂಗಸರ ಕೈಯಲ್ಲಿ ಕೆಳಗಿಳಿಯುವ ಹಗ್ಗ. ಅದು ಮನೆಯಲ್ಲಿದ್ದರೆ ಯಾರಾದರೂ ಅದನ್ನೇ ತಂದಾರು. ಹಬ್ಬದ ಹಿಂದಿನ ಸಂಜೆ ಅದನ್ನು ಒಯ್ದು ದೋಣಿಯಲ್ಲಿ ತಾಡಪತ್ರಿಯ ಕೆಳಗೆ ಹಾಕಿದ. ಎಮ್ಮಿಗಲ್ಲಿಗೆ ದೋಣಿ ಬಿಗಿಯಲು ಅದು ಬೇಕೂ ಆಗಿತ್ತು.

ಪಂಚಮಿಯ ದಿನ ಡ್ಯಾಮಿನ ನೀರು ಏರುತ್ತಲೇ ಇತ್ತು, ಅವನು ಬೆಳಕು ಹರಿಯುತ್ತಲೇ ಹೊರಟ. ರಾಧಿಕಾ ಹಿಂದಿನ ದಿನವೇ ಬಂದಿದ್ದಳು. ಬಾಗಿಲಲ್ಲಿ ನಿಂತು, ಹಬ್ಬದ ದಿನ ಹೊಳೆಗೆ ಯಾಕೆ ಎಂದು ತಡೆದಳು. ಪಂಪಸೆಟ್ ಎಂದ. ಲಗೂನೆ ಬಾ ಎಂದಳು.

ಎಲ್ಲವೂ ಅವನು ಅಂದುಕೊಂಡ ಹಾಗೆಯೇ ನಡೆಯಿತು. ಪಂಪಸೆಟ್ ಎತ್ತಿಟ್ಟು, ಹೊತ್ತು ಏರುವವರೆಗೆ ಕಾದು, ಮರಳಿ ಬರುವಾಗ ಹುಟ್ಟನ್ನು ಸಡಿಲ ಬಿಟ್ಟ. ಸೆಳವು ದೋಣಿಯನ್ನು ಎತ್ತಿ ಎಮ್ಮಿಗಲ್ಲಿನ ಮೇಲೆ ಕೂರಿಸಿತು. ತಗಡು ಕಿರುಚಿತು. ಅವನು ಪುಂಡಿಹಗ್ಗವನ್ನು ಬಂಡೆಯ ಕೊರಳಿಗೆ ಸುತ್ತಿ ದೋಣಿ ಬಿಗಿದ, ಉಳಿದ ಸುರುಳಿಯನ್ನು ಕಾಲ ಬಳಿ ಇಟ್ಟುಕೊಂಡ. ಸುತ್ತಲೂ ಕೆಂಪು ನೀರು ಓಡುತ್ತಿತ್ತು. ಜಾಲಿಗಿಡದ ಮೇಲೆ ಕೂತಿದ್ದಾಗ ಇದೇ ನೀರಿಗೆ ಹೆದರಿದ್ದು ನೆನಪಾಗಿ ಅವನಿಗೆ ಆಶ್ಚರ್ಯವಾಯಿತು. ಈ ಸಲ ಹೆದರಿಕೆ ಇರಲಿಲ್ಲ. ಟವೆಲ್ಲು ಬೀಸಿದ.

ದಡದಲ್ಲಿ ಜನ ಸೇರಿದರು. ಹೊಸ ಸೀರೆಗಳು, ಮಕ್ಕಳು, ಮುದುಕರು. ಕೊನೆಗೆ ಅಗಲ ಭುಜದ ಲಗಮಪ್ಪ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತ, ನೀರನ್ನು ಅಳೆಯುವ ಹಾಗೆ ನೋಡಿದ. ಭೀಮೇಶ ಕಾದ. ಲಗಮಪ್ಪನ ಕೈಯಲ್ಲಿ ಹಗ್ಗವಿರಲಿಲ್ಲ. ಅವನು ಅಂಗಿಯನ್ನೂ ಬಿಚ್ಚಲಿಲ್ಲ. ಹಿಂದಕ್ಕೆ ತಿರುಗಿ, ಹೊಳೆಯ ಮೇಲೆ ಚಾಚಿದ ಹುಣಸೆಯ ಕೊಂಬೆಯತ್ತ ಕೈ ತೋರಿಸಿದ. ಆಮೇಲೆ ಬಾಯಿಗೆ ಕೈ ಹಿಡಿದು ಕೂಗಿದ. ಗಾಳಿ ಅವನ ಮಾತನ್ನು ತುಂಡು ತುಂಡಾಗಿ ಹೊತ್ತು ತಂದಿತು.

“ಕಲ್ಲ ಮ್ಯಾಲ ಅದಿ, ಹೆದರಬ್ಯಾಡೊ ಭೀಮ್ಯಾ. ಹಗ್ಗ ಈಗಷ್ಟ ಪಂಚಮಿ ಜೋಕಾಲಿಗಿ ಕಟ್ಟೇನಿ. ನಿಮ್ಮ ಮನ್ಯಾಗ ಸಿಗಲಿಲ್ಲಂತ ನಿನ್ನ ತಂಗಿ ಬಂದು ಒಯ್ದಳು. ಅಕಿ ನಾಕು ಜೀಕು ಜೀಕಲಿ, ಬಿಚ್ಚಿಕೊಂಡು ಬರ್ತೇನಿ.”

ಹುಣಸೆಯ ಎಲೆಗಳ ನಡುವೆ ನೀಲಿ ಹಗ್ಗ ಮೆಲ್ಲಗೆ ತೂಗುತ್ತಿತ್ತು. ಹಲಗೆಯ ಮೇಲೆ ನಿಂತ ರಾಧಿಕಾ ಜನರ ತಲೆಗಳಾಚೆಗೆ ಅಣ್ಣ ಕಾಣಲೆಂದು ಮೊಣಕಾಲು ಮಡಿಸಿ ಜೀಕಿದಳು. ಜೋಕಾಲಿ ದಡ ದಾಟಿ ನೀರಿನ ಮೇಲೆ ಬಂತು, ಹಿಂದೆ ಹೋಯಿತು, ಇನ್ನಷ್ಟು ಎತ್ತರಕ್ಕೆ ಬಂತು. ಭೀಮೇಶ ಎರಡೂ ಕೈ ಬೀಸಿದ, ಬೇಡವೆಂದು ತಲೆಯಾಡಿಸಿದ, ಗಂಟಲು ಹರಿಯುವ ಹಾಗೆ ಕೂಗಿದ. ಕೂಗು ಅವನ ಮುಖಕ್ಕೇ ಮರಳಿ ಬಡಿಯಿತು. ಬಾಯಿಂದ ಹೊರಟದ್ದು ತಂಗಿಯ ಹೆಸರಲ್ಲ, ‘ಅವ್ವಾ’ ಎಂದು ಅವನಿಗೆ ಆಮೇಲೆ ತಿಳಿಯಿತು. ಅದು ದಡಕ್ಕೆ ಕೇಳಿಸಲಿಲ್ಲ, ಆದರೂ ಅವನ ಬಾಯಿಯ ಆಕಾರವನ್ನು ಊರೆಲ್ಲ ಗುರುತಿಸಿತು. ಮಕ್ಕಳು ಕೈ ಬೀಸಿ ಅವನನ್ನೇ ಆಡಿತೋರಿಸಿದರು, ಎಲ್ಲರಿಗಿಂತ ಮುಂದೆ ಕಾಜಲ್ ಇದ್ದಳು. ರಾಧಿಕಾ ಮಾತ್ರ ನಗಲಿಲ್ಲ. ಅಣ್ಣ ಹೆದರಿದ್ದಾನೆಂದು ತಿಳಿದು, ಇನ್ನೂ ಹತ್ತಿರದಿಂದ ಧೈರ್ಯ ಹೇಳುವವಳ ಹಾಗೆ, ಮೈಯ ಭಾರವನ್ನೆಲ್ಲ ಹಾಕಿ ಜೀಕಿದಳು. ಭೀಮೇಶ ಬೀಳದಂತೆ ಕಾಲ ಬಳಿಯ ಪುಂಡಿಹಗ್ಗವನ್ನು ಹಿಡಿದುಕೊಂಡ. ಒರಟು ನಾರಿನ ನಡುವೆ ಒಂದು ಕಡೆ ಅದು ಅವನ ಅಂಗೈಗೆ ರೇಷ್ಮೆಯಂತೆ ನುಣುಪಾಗಿ ಸಿಕ್ಕಿತು. ಪಂಚಮಿಯಿಂದ ಪಂಚಮಿಗೆ, ಚಿಕ್ಕವಳಿದ್ದಾಗಿನಿಂದಲೂ, ರಾಧಿಕಾ ಹಿಡಿದು ಜೀಕಿದ ಜಾಗ ಅದು.